ಲ್ಯಾಬ್ ಸರ್ಕಾರದ್ದು, ಕಲ್ಪರಸ ನಮ್ಮೂರಿನದ್ದು

ಯಡ್ತರೆಯಿಂದ ಹೆದ್ದಾರಿ 66 ಹಿಡಿದು ದಕ್ಷಿಣಕ್ಕೆ ಹೊರಟರೆ ಬ್ರಹ್ಮಾವರದಲ್ಲಿ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ ಸಿಗುತ್ತೆ. ರಾಜ್ಯದ ಗಡಿ ದಾಟಿದ ಮೇಲೆ ಕಾಸರಗೋಡಿನಲ್ಲಿ ಸಿಪಿಸಿಆರ್‌ಐ, ಅಂದ್ರೆ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ. ಕಾಸರಗೋಡು ಇನ್ನೂ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗ, 1916ರಲ್ಲಿ, ತೆಂಗಿನ ಸಂಶೋಧನೆಗೆಂದು ಶುರುವಾದದ್ದು. ಎರಡೂ ನಡೆಯೋದು ನಮ್ಮ ತೆರಿಗೆ ಹಣದಲ್ಲಿ. ಅಲ್ಲಿನ ವಿದ್ಯೆ ನಮ್ಮೂರಿನ ಸಣ್ಣ ಉದ್ದಿಮೆಗೆ ಬರೋದು ಹೇಗೆ?

ಕಲ್ಪರಸವನ್ನೇ ನೋಡಿ. ತೆಂಗಿನ ಹೊಂಬಾಳೆಯಿಂದ ಇಳಿಯುವ ರಸ ಸಿಹಿ. ಆದ್ರೆ ಮಡಕೆಯಲ್ಲಿ ಹಿಡಿದರೆ ಕರಾವಳಿಯ ಸೆಖೆಗೆ ಕೆಲವೇ ಗಂಟೆಗಳಲ್ಲಿ ಹುಳಿ ಬಂದು ಕಳ್ಳಾಗುತ್ತೆ. ತಡೆಯಲು ಸುಣ್ಣ ಹಾಕಿದರೆ ರುಚಿ ಕೆಡುತ್ತೆ. ಸಿಪಿಸಿಆರ್‌ಐ ವಿಜ್ಞಾನಿಗಳು ಮಂಜುಗಡ್ಡೆ ತುಂಬಿದ ಪೆಟ್ಟಿಗೆಯನ್ನು ಹೊಂಬಾಳೆಗೇ ಕಟ್ಟುವ ವಿಧಾನ ರೂಪಿಸಿದರು. ರಸ ತಣ್ಣಗೇ ಉಳಿಯುತ್ತೆ, ಸುಣ್ಣ ಬೇಡ. ಹಾಗೇ ಕುಡಿಯಬಹುದು, ಕಾಯಿಸಿ ಸಕ್ಕರೆ, ಬೆಲ್ಲ ಮಾಡಬಹುದು. ಈ ವಿಧಾನವನ್ನೇ ನೆಚ್ಚಿಕೊಂಡು ಕುಂದಾಪುರ ತಾಲೂಕಿನ ಜಪ್ತಿಯಲ್ಲಿ 'ಉಡುಪಿ ಕಲ್ಪರಸ' ಹೆಸರಿನ ರೈತ ಉತ್ಪಾದಕರ ಕಂಪನಿ ಹುಟ್ಟಿತು.

ಇಲ್ಲಿ ಗಮನಿಸಬೇಕಾದ್ದು ಎರಡು ಸಂಗತಿ. ಮೊದಲನೆಯದು, ಸೋಲಿನ ಖರ್ಚು. ಹತ್ತು ಪ್ರಯೋಗ ಮಾಡಿ ಒಂಬತ್ತನ್ನು ಕೈಬಿಡುವ ತಾಕತ್ತು ಸಣ್ಣ ಕಂಪನಿಗೆ ಇರಲ್ಲ. ಆ ಭಾರ ಸಾರ್ವಜನಿಕ ಲ್ಯಾಬ್ ಹೊರುತ್ತೆ. ಗೆದ್ದ ವಿಧಾನವನ್ನು ಶುಲ್ಕ ಕಟ್ಟಿ ಪಡೆಯಬಹುದು. ಎರಡನೆಯದು, ಹತ್ತಿರ ಇರೋದರ ಲಾಭ. ಹೊಂಬಾಳೆಯನ್ನು ಎಷ್ಟು ತಟ್ಟಬೇಕು, ದಿನಾ ಎಷ್ಟು ತೆಳ್ಳಗೆ ಕೊಯ್ಯಬೇಕು ಅನ್ನೋದು ಪಿಡಿಎಫ್ ಓದಿದರೆ ಬರಲ್ಲ. ಮರದ ಮೇಲೇ ಕಲಿಯಬೇಕು. ಎಡವಟ್ಟಾದರೆ ಮತ್ತೆ ಹೋಗಿ ಕೇಳುವಷ್ಟು ದೂರದಲ್ಲಿ ಕಲಿಸುವವರು ಇರಬೇಕು.

ಆದ್ರೆ ಲ್ಯಾಬ್ ಎಲ್ಲವನ್ನೂ ಕೊಡಲ್ಲ. ದಿನಾ ಮರ ಹತ್ತುವ ನುರಿತ ಕೈಗಳು ಬೇಕು, ಅವರಿಗೆ ವಿಮೆ ಬೇಕು. ರಸ ಇಳಿಸಲು ಅಬಕಾರಿ ಇಲಾಖೆಯ ಅನುಮತಿ ಬೇಕು. ಮರದಿಂದ ಅಂಗಡಿವರೆಗೂ ತಣ್ಣಗಿಡುವ ವ್ಯವಸ್ಥೆ ಬೇಕು. ಇದ್ಯಾವುದೂ ವಿಜ್ಞಾನಿಗಳ ಕೈಯಲ್ಲಿಲ್ಲ. ಇದು ರಾಜಕೀಯದ ಕೆಲಸ.

ಬೈಂದೂರು ಕಡೆಯ ಹುಡುಗರು ಬೆಂಗಳೂರು, ಮುಂಬೈನ ಹೋಟೆಲುಗಳಿಗೆ ಹೋಗೋದು ತಲೆಮಾರುಗಳಿಂದ ನಡೆದಿದೆ. ಊರಲ್ಲೇ ದುಡಿಮೆ ಹುಟ್ಟಬೇಕು ಅಂದ್ರೆ ರಸ್ತೆ, ಬಸ್‌ಸ್ಟ್ಯಾಂಡ್ ಕೇಳುವಷ್ಟೇ ಗಟ್ಟಿಯಾಗಿ ಇದನ್ನೂ ಕೇಳಬೇಕು: ಬ್ರಹ್ಮಾವರದ, ಕಾಸರಗೋಡಿನ ತರಬೇತಿ ನಮ್ಮ ಪಂಚಾಯತ್‌ಗೆ ಯಾವಾಗ ಬರುತ್ತೆ? ಅನುಮತಿ ಎಷ್ಟು ದಿನದಲ್ಲಿ ಸಿಗುತ್ತೆ? ಮುಂದಿನ ಗ್ರಾಮಸಭೆಯಲ್ಲಿ ಈ ಎರಡು ಪ್ರಶ್ನೆ ದಾಖಲಾಗಲಿ.