ಮಣೆಯಾಟದ ಹವ್ಯಾಸ: ಪೆಟ್ಟಿಗೆಯೊಳಗೆ ಏನಿದೆ?



ಅಂಚೆಚೀಟಿ, ನಾಣ್ಯ, ಬೆಂಕಿಪೊಟ್ಟಣದ ಚೀಟಿಗಳನ್ನು ಕೂಡಿಡುವವರನ್ನು ನೀವು ನೋಡಿರುತ್ತೀರಿ. ಮೇಜಿನ ಮೇಲೆ ಹರಡಿಕೊಂಡು ಆಡುವ ಆಟಗಳನ್ನೇ ಕೂಡಿಡುವವರೂ ಇದ್ದಾರೆ. ಹವ್ಯಾಸಗಳ ಕುರಿತ ಮಾತುಕತೆಯ ಚಿತ್ರೀಕರಣಕ್ಕೆಂದು ಬೆಂಗಳೂರಿನ ಜಯನಗರದಲ್ಲಿ ಅಂಥ ಒಬ್ಬರ ಮನೆಗೆ ನಾವು ಹೋಗಿದ್ದೆವು. ಬ್ಯಾಂಕ್ ಉದ್ಯೋಗಿ, ವಯಸ್ಸು ಐವತ್ತರ ಹತ್ತಿರ. ಮಹಡಿಯ ಒಂದು ಕೋಣೆ ಪೂರ್ತಿ ಪೆಟ್ಟಿಗೆಗಳು. ಬೀರುವಿನಲ್ಲಿ ಬಟ್ಟೆಗೆ ಜಾಗವಿಲ್ಲ, ಮಂಚದ ಕೆಳಗೂ ಪೆಟ್ಟಿಗೆ. ಅವರ ಶ್ರೀಮತಿಯವರು ಕಾಫಿ ತಂದುಕೊಟ್ಟು, "ಈ ಮನೇಲಿ ಇವರ ಆಟಗಳು ಬಾಡಿಗೆ ಕೊಡದೆ ವಾಸವಾಗಿವೆ" ಎಂದರು. ಅದನ್ನು ಕಾರ್ಯಕ್ರಮದಲ್ಲಿ ಹಾಗೆಯೇ ಉಳಿಸಿಕೊಂಡಿದ್ದೇವೆ.

ಭಾನುವಾರ ಮಧ್ಯಾಹ್ನ ಅವರ ಮನೆಗೆ ಐದಾರು ಜನ ಬರುತ್ತಾರೆ. ಕಾಲೇಜು ಹುಡುಗರು, ಒಬ್ಬ ದಂತವೈದ್ಯೆ, ನಿವೃತ್ತ ಎಂಜಿನಿಯರು. ಆಟ ಶುರುವಾದರೆ ರಾತ್ರಿ ಊಟದ ಹೊತ್ತು. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಕೋರಮಂಗಲ, ಇಂದಿರಾನಗರಗಳಲ್ಲಿ ಕಾಫಿಯ ಜೊತೆಗೆ ಬೋರ್ಡ್ ಗೇಮ್ ಆಡಿಸುವ ಹೋಟೆಲುಗಳೂ ಹುಟ್ಟಿಕೊಂಡಿವೆ. ಇಂಥ ಕಡೆಗಳಲ್ಲಿ ಹೊಸಬರಿಗೆ ಮೊದಲು ತೋರಿಸುವ ಆಟಗಳಲ್ಲಿ 'ಕಟಾನ್' ಒಂದು. ಕ್ಲಾಸ್ ಟೊಯ್ಬರ್ ಎಂಬ ಜರ್ಮನ್ ರಚಿಸಿದ ಈ ಆಟ ಹೊರಬಂದದ್ದು 1995ರಲ್ಲಿ. ಆಗ ಅವರ ಕಸುಬು ಕೃತಕ ಹಲ್ಲು ತಯಾರಿಸುವುದಾಗಿತ್ತು. ಆಟ ಅವರಿಗೂ ಹವ್ಯಾಸವಾಗಿಯೇ ಆರಂಭವಾದದ್ದು.

ಚಿತ್ರೀಕರಣದ ನಡುವೆ ಒಂದು ಘಟನೆ ನಡೆಯಿತು. ದೀಪಗಳನ್ನು ಹೊಂದಿಸುತ್ತಿದ್ದ ನಮ್ಮ ಹುಡುಗ ಗಾಜಿನ ಕಪಾಟಿನಲ್ಲಿದ್ದ ಹಿತ್ತಾಳೆಯ ಒಂದು ಮಣೆಯನ್ನು ತೋರಿಸಿ, "ಇದನ್ನ ಹೇಗೆ ಆಡೋದು ಸಾರ್?" ಎಂದು ಕೇಳಿದ. ತ್ರಿಕೋನದ ಮೇಲೆ ಅಡ್ಡಗೆರೆಗಳು, ಪುಟ್ಟ ಹುಲಿಗಳು, ಕುರಿಗಳು. ಜರ್ಮನಿಯ ನಲವತ್ತು ಆಟಗಳ ನಿಯಮವನ್ನು ಪುಸ್ತಕ ನೋಡದೆ ಹೇಳಬಲ್ಲ ನಮ್ಮ ಅತಿಥಿಗಳು ಸ್ವಲ್ಪ ತಡವರಿಸಿದರು. "ಅದು ಸಂಗ್ರಹಕ್ಕೆ ಇಟ್ಟಿರೋದಪ್ಪ, ಆಡೋದಕ್ಕಲ್ಲ" ಎಂದರು.

ಬಾಗಿಲಲ್ಲಿ ನಿಂತಿದ್ದ ನಮ್ಮ ವ್ಯಾನಿನ ಚಾಲಕರು ಕೊಳ್ಳೇಗಾಲದ ಕಡೆಯವರು. "ಹುಲಿಕುರಿ ಮಣೆ ಅಲ್ವ ಸಾ ಇದು? ಮೂರು ಹುಲಿ, ಹದಿನೈದು ಕುರಿ. ಕುರಿ ಎಲ್ಲಾ ಇಳಿಯೋ ತನಕ ಒಂದು ಕುರೀನೂ ನಡೆಸಂಗಿಲ್ಲ" ಎನ್ನುತ್ತ ಒಳಗೆ ಬಂದು ಕುಳಿತೇಬಿಟ್ಟರು. ಹುಲಿ ಕುರಿಯನ್ನು ಹಾರಿ ತಿನ್ನಬೇಕು, ಕುರಿಗಳು ಸೇರಿ ಹುಲಿಗಳಿಗೆ ಅಲುಗಾಡಲು ದಾರಿಯಿಲ್ಲದಂತೆ ಕಟ್ಟಬೇಕು. ಮೊದಲ ಆಟದಲ್ಲಿ ಮನೆಯ ಯಜಮಾನರ ಹುಲಿಗಳು ಮೂರೂ ಸಿಕ್ಕಿಬಿದ್ದವು. ಚಿತ್ರೀಕರಣ ನಲವತ್ತು ನಿಮಿಷ ನಿಂತಿತು. ನಿರ್ಮಾಪಕನಾಗಿ ನಾನು ಗದರಬೇಕಿತ್ತು, ಗದರಲಿಲ್ಲ. ಆ ಹವ್ಯಾಸಿ ಒಂದು ನೋಟ್‌ಬುಕ್ ತಂದು ಚಾಲಕರು ಹೇಳಿದ್ದನ್ನೆಲ್ಲ ಬರೆದುಕೊಂಡರು. ಹತ್ತಾರು ವರ್ಷಗಳಿಂದ ಗಾಜಿನೊಳಗಿದ್ದ ಹಿತ್ತಾಳೆ ಅಂದು ಆಟವಾಯಿತು.

ನಾಣ್ಯಕ್ಕೂ ಆಟದ ಮಣೆಗೂ ಇರುವ ವ್ಯತ್ಯಾಸ ಇಲ್ಲಿದೆ. ನಾಣ್ಯ ಕೈಗೆ ಸಿಕ್ಕರೆ ಅದರ ಲೋಹ, ಅಚ್ಚು, ತೂಕ ಎಲ್ಲವೂ ಸಿಕ್ಕಂತೆ. ಆಟ ಹಾಗಲ್ಲ. ಮಣೆ ಮತ್ತು ಕಾಯಿ ಅದರ ಅರ್ಧ ಭಾಗ ಮಾತ್ರ. ಇನ್ನರ್ಧ ಜನರ ತಲೆಯಲ್ಲಿರುತ್ತದೆ, ಅವರೊಡನೆಯೇ ಹೋಗಿಬಿಡುತ್ತದೆ.

ಪುರಾತತ್ತ್ವದಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವಿದೆ. ಇಂದಿನ ಇರಾಕಿನಲ್ಲಿರುವ ಊರ್ ಎಂಬ ಪ್ರಾಚೀನ ನಗರದ ಸಮಾಧಿಗಳನ್ನು 1920ರ ದಶಕದಲ್ಲಿ ಲಿಯೊನಾರ್ಡ್ ವೂಲಿ ಅವರು ಉತ್ಖನನ ಮಾಡಿದಾಗ, ಸುಮಾರು 4,500 ವರ್ಷಗಳಷ್ಟು ಹಳೆಯ ಆಟದ ಮಣೆಗಳು ದೊರೆತವು. ಚಿಪ್ಪಿನ ಕೆತ್ತನೆ, ಇಪ್ಪತ್ತು ಮನೆಗಳು. ಆದರೆ ಆಡುವುದು ಹೇಗೆ? ಬ್ರಿಟಿಷ್ ಮ್ಯೂಸಿಯಮ್ಮಿನ ಇರ್ವಿಂಗ್ ಫಿಂಕೆಲ್ ಅವರು ಕ್ರಿ.ಪೂ. 177ರ ಬ್ಯಾಬಿಲೋನಿನ ಜೇಡಿಮಣ್ಣಿನ ಫಲಕವೊಂದನ್ನು ಓದಿದ ಮೇಲೆಯೇ ಈ ಆಟದ ನಿಯಮಗಳ ಸುಳಿವು ಸಿಕ್ಕಿದ್ದು. ಅದೃಷ್ಟವಶಾತ್ ಯಾರೋ ಒಬ್ಬ ಲಿಪಿಕಾರ ಬರೆದಿಟ್ಟಿದ್ದ. ಈ ಆಟಕ್ಕೆ ಹತ್ತಿರದ ಒಂದು ಆಟವನ್ನು ನಮ್ಮ ಕೊಚ್ಚಿಯ ಯಹೂದಿಗಳು 1950ರ ದಶಕದವರೆಗೂ ಆಡುತ್ತಿದ್ದರೆಂಬುದು ಇನ್ನೊಂದು ಅಚ್ಚರಿ.

ನಮ್ಮ ನಾಡಿನಲ್ಲಿ ಬರೆದಿಟ್ಟವರು ಮುಮ್ಮಡಿ ಕೃಷ್ಣರಾಜ ಒಡೆಯರು (1794–1868). ಅವರು ಸಿದ್ಧಪಡಿಸಿದ 'ಶ್ರೀತತ್ತ್ವನಿಧಿ' ಒಂಬತ್ತು ನಿಧಿಗಳ ದೊಡ್ಡ ಸಚಿತ್ರ ಗ್ರಂಥ. ಅದರ ಕೊನೆಯದಾದ 'ಕೌತುಕ ನಿಧಿ'ಯಲ್ಲಿ ಮಣೆಯಾಟಗಳಿಗೆ ಮತ್ತು ಗಂಜೀಫಾ ಎಲೆಗಳಿಗೆ ಸ್ಥಳವಿದೆ. ಗಂಜೀಫಾ ಎಂದರೆ ಕೈಯಲ್ಲಿ ಚಿತ್ರ ಬರೆದ ದುಂಡನೆಯ ಇಸ್ಪೀಟು ಎನ್ನಬಹುದು. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಕ್ಕೆ ಹನ್ನೆರಡರಂತೆ 120 ಎಲೆಗಳು. ಒಡೆಯರು ರೂಪಿಸಿದ ದೊಡ್ಡ ಕಟ್ಟುಗಳಲ್ಲಿ ಮುನ್ನೂರಕ್ಕೂ ಹೆಚ್ಚು. ಚದುರಂಗದ ಕುದುರೆ ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿಬರುವ ಸಮಸ್ಯೆಯಲ್ಲೂ ಅವರದು ಎತ್ತಿದ ಕೈ. ಮೈಸೂರಿನ ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೆ ಅವರ ಕಾಲದ ಮಣೆಯಾಟಗಳ ಚಿತ್ರಗಳಿವೆ. ಅದೇ ಊರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ 'ಕ್ರೀಡಾ ಕೌಶಲ್ಯ' ಎಂಬ ಪ್ರದರ್ಶನಗಳ ಮೂಲಕ ಇಂಥ ಹಳೆಯ ಆಟಗಳನ್ನು ಮತ್ತೆ ಆಡಲು ಬರುವಂತೆ ಮಾಡಿಸಿ ಜನರ ಮುಂದಿಟ್ಟಿದೆ.

ಆದರೆ ಅಡಿಗೆಮನೆಯ ಪಕ್ಕದ ಜಗಲಿಯಲ್ಲಿ ನಡೆದ ಆಟಗಳಿಗೆ ಗ್ರಂಥ ಬರೆಸುವವರು ಯಾರು?

ನಮ್ಮ ಅಜ್ಜಿಯ ಹತ್ತಿರ ಹಲಸಿನ ಮರದ ಒಂದು ಅಳಗುಳಿಮಣೆ ಇತ್ತು. ಎರಡು ಸಾಲು, ಸಾಲಿಗೆ ಏಳು ಗುಳಿ. ಮಧ್ಯಾಹ್ನದ ಕೆಲಸ ಮುಗಿದ ಮೇಲೆ ಹುಣಸೆ ಬೀಜದ ಡಬ್ಬಿ ತೆಗೆದುಕೊಂಡು ಕೂರುತ್ತಿದ್ದರು. ಮೂರು ಬಗೆಯ ಆಟ ಆಡುತ್ತಿದ್ದರು ಎಂಬುದು ನನಗೆ ಚೆನ್ನಾಗಿ ನೆನಪಿದೆ, ಅದರಲ್ಲಿ ಒಂದು ಒಬ್ಬರೇ ಆಡುವುದು. ನಾನಾಗ ಹೈಸ್ಕೂಲು. ಕ್ರಿಕೆಟ್ಟು ಬಿಟ್ಟರೆ ಬೇರೆ ಆಟವೇ ಅಲ್ಲ ಎಂಬ ವಯಸ್ಸು. ಅಜ್ಜಿ 1994ರಲ್ಲಿ ತೀರಿಕೊಂಡರು. ಮಣೆ ನನಗೆ ಬಂತು. ಎಣ್ಣೆ ಹಚ್ಚಿ, ಒರೆಸಿ, ಶೋಕೇಸಿನಲ್ಲಿಟ್ಟು ಬಂದವರಿಗೆಲ್ಲ ತೋರಿಸಿದೆ. ಬೇರೆಯವರ ಕಪಾಟನ್ನು ಆಕ್ಷೇಪಿಸಲು ನನಗೇನು ಹಕ್ಕು, ಹೇಳಿ!

ಜಯನಗರದಿಂದ ಬಂದ ವಾರವೇ ಮಣೆಯನ್ನು ಚೀಲಕ್ಕೆ ಹಾಕಿಕೊಂಡು ನಂಜನಗೂಡಿನಲ್ಲಿರುವ ಸೋದರತ್ತೆಯ ಬಳಿಗೆ ಹೋದೆ. ಅವರಿಗೆ ಎಂಬತ್ತೆರಡು. ಮಣೆ ನೋಡುತ್ತಲೇ ಗುರುತಿಸಿ, "ಅಮ್ಮನ ಮಣೆ" ಎಂದು ಸವರಿದರು. ಎರಡು ಆಟ ಅವರಿಗೆ ಮರೆತುಹೋಗಿತ್ತು. ಒಬ್ಬರೇ ಆಡುವ ಆಟ ಕೈಗೆ ನೆನಪಿತ್ತು.

"ಸೀತೆ ಆಟ ಕಣೋ ಇದು. ಅಶೋಕವನದಲ್ಲಿ ಸೀತಮ್ಮ ಒಬ್ಬಳೇ ಕೂತು ಆಡ್ತಿದ್ದಳಂತೆ. ಈ ಸಾಲಿಗೆ ಏಳು, ಆರು, ಐದು, ನಾಕು, ಮೂರು, ಎರಡು, ಒಂದು ಅಂತ ಇಳಿಸಿಕೊಂಡು ಹಾಕು. ಏಳು ಇರೋ ಗುಳೀನ ಎತ್ತಿ ಮುಂದಕ್ಕೆ ಒಂದೊಂದೇ ಹಂಚು. ಈಗ ಯಾವುದರಲ್ಲಿ ಏಳಿದೆ ನೋಡು. ಅದನ್ನ ಎತ್ತು."

ಹಂಚಿದೆ. ಎರಡನೆಯ ಗುಳಿಯಲ್ಲಿ ಏಳು, ಮೂರನೆಯದರಲ್ಲಿ ಆರು. ಹೀಗೆ ಇಳಿಯುತ್ತ ಎದುರು ಸಾಲಿನ ಮೊದಲ ಗುಳಿಯಲ್ಲಿ ಒಂದು. ಇಡೀ ಮೆಟ್ಟಿಲ ಸಾಲು ಒಂದು ಮನೆ ಮುಂದಕ್ಕೆ ಹೋಗಿತ್ತು! ಮತ್ತೆ ಎತ್ತಿದೆ, ಮತ್ತೊಂದು ಮನೆ. ಏಳು ಸಲಕ್ಕೆ ಅದು ಪೂರ್ತಿ ಎದುರು ಸಾಲಿಗೆ ದಾಟಿತು. ಹದಿನಾಲ್ಕನೆಯ ಸಲಕ್ಕೆ ಹೊರಟ ಜಾಗಕ್ಕೇ ಬಂದು ನಿಂತಿತು.

ಇದು ಜಾದುವಲ್ಲ. ಏಳನ್ನು ಎತ್ತಿ ಹಂಚಿದಾಗ ಮುಂದಿನ ಆರು ಗುಳಿಗಳಿಗೆ ಒಂದೊಂದು ಸೇರುತ್ತದೆ: ಆರು ಏಳಾಗುತ್ತದೆ, ಐದು ಆರಾಗುತ್ತದೆ, ಒಂದು ಎರಡಾಗುತ್ತದೆ. ಉಳಿದ ಏಳನೆಯ ಬೀಜ ಖಾಲಿ ಗುಳಿಗೆ ಬಿದ್ದು ಹೊಸ 'ಒಂದು' ಆಗುತ್ತದೆ. ಕೈಯಲ್ಲಿ ಒಂದೂ ಉಳಿಯುವುದಿಲ್ಲ, ಒಂದೂ ಕಡಿಮೆ ಬೀಳುವುದಿಲ್ಲ. ಬೀಜಗಳ ಒಟ್ಟು ಸಂಖ್ಯೆ 28. ನಾಲ್ಕರಿಂದ ಇಳಿಸಿ ಹತ್ತು ಬೀಜ ಹಾಕಿದರೂ ಹೀಗೆಯೇ ಸಾಗುತ್ತದೆ, ಮಾಡಿ ನೋಡಿ. 10, 28 ಇವನ್ನು ಗಣಿತದಲ್ಲಿ ತ್ರಿಕೋನ ಸಂಖ್ಯೆಗಳೆನ್ನುತ್ತಾರೆ. ಬಿ.ಎಸ್ಸಿ.ಯಲ್ಲಿ ಶ್ರೇಢಿಗಳನ್ನು ಬಾಯಿಪಾಠ ಮಾಡಿದ್ದ ನಾನು, ನಮ್ಮ ಮನೆಯ ಜಗಲಿಯಲ್ಲಿ ದಿನವೂ ಅದು ನಡೆದಾಡುತ್ತಿದ್ದುದನ್ನು ನೋಡಿರಲೇ ಇಲ್ಲ. ಅಜ್ಜಿಗೆ ಅದರ ಕಾರಣ ಗೊತ್ತಿತ್ತೇ? ಕೇಳಬಹುದಾಗಿದ್ದ ಕಾಲದಲ್ಲಿ ನಾನು ಕೇಳಲಿಲ್ಲ.

ಇದೇ ರೀತಿ ನೀವು ಚೌಕಾಬಾರದ ಕವಡೆಗಳನ್ನೂ ಪರೀಕ್ಷಿಸಬಹುದು. ಐದು ಮನೆ ಉದ್ದ, ಐದು ಮನೆ ಅಗಲ. ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಎಳೆದರೂ ಸಾಕು. ನಿಮ್ಮ ಮನೆಯಿಂದ ಹೊರಟ ಕಾಯಿ ಹೊರಸುತ್ತು, ಒಳಸುತ್ತು ಮುಗಿಸಿ 24 ಹೆಜ್ಜೆಗೆ ನಡುಮನೆ ಸೇರಿ ಹಣ್ಣಾಗುತ್ತದೆ. ನಾಲ್ಕು ಕವಡೆ ಎಸೆದು, ಎಷ್ಟು ಅಂಗಾತ ಬಿದ್ದವೋ ಅಷ್ಟು ನಡೆ. ನಾಲ್ಕೂ ಅಂಗಾತವಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು.

ಕವಡೆ ನಾಣ್ಯದಂತೆ ಸಮವಾಗಿ ಬೀಳುತ್ತದೆ ಎಂದುಕೊಂಡರೆ, ಹದಿನಾರು ಎಸೆತಕ್ಕೆ ಸರಾಸರಿ ಒಂದು ಚೌಕ, ಒಂದು ಬಾರ ಬರಬೇಕು. ಆದರೆ ಕವಡೆಯ ಒಂದು ಮೈ ಉಬ್ಬು, ಇನ್ನೊಂದು ಚಪ್ಪಟೆ. ಅದು ಸಮವಾಗಿ ಬೀಳಲೇಬೇಕೆಂದೇನಿಲ್ಲ. ಉದಾಹರಣೆಗೆ ನಿಮ್ಮ ಕವಡೆಗಳು ನೂರಕ್ಕೆ 40 ಸಲ ಮಾತ್ರ ಅಂಗಾತ ಬೀಳುತ್ತವೆ ಎನ್ನಿ. ಆಗ ಬಾರ ಬೀಳುವ ಸಂಭವ 0.6ನ್ನು ನಾಲ್ಕು ಸಲ ಗುಣಿಸಿದಷ್ಟು, ನೂರಕ್ಕೆ ಸುಮಾರು 13. ಚೌಕದ ಸಂಭವ 0.4ನ್ನು ನಾಲ್ಕು ಸಲ ಗುಣಿಸಿದಷ್ಟು, ನೂರಕ್ಕೆ ಮೂರೂ ಇಲ್ಲ. ಕವಡೆ ಸ್ವಲ್ಪವೇ ಓರೆಯಾದರೆ ಎರಡರ ನಡುವೆ ಐದು ಪಟ್ಟು ಅಂತರ! ನಾಲ್ಕು ಕವಡೆಗಳನ್ನು ಐವತ್ತು ಸಲ ಎಸೆದರೆ ಇನ್ನೂರು ಬೀಳುವಿಕೆ ಆಯಿತು, ಬರೆದುಕೊಳ್ಳಿ. ಚಾಪೆಯ ಮೇಲೊಮ್ಮೆ, ಸಿಮೆಂಟು ನೆಲದ ಮೇಲೊಮ್ಮೆ. ಕವಡೆ ಇಲ್ಲದವರು ಹುಣಸೆ ಬೀಜದ ಒಂದು ಮೈಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿಕೊಳ್ಳುವುದುಂಟು. ಎಷ್ಟು ಉಜ್ಜಿದರೆ ಲೆಕ್ಕ ಹೇಗೆ ಬದಲಾಗುತ್ತದೆ ಎಂಬುದೇ ಒಂದು ಒಳ್ಳೆಯ ಪ್ರಾಜೆಕ್ಟ್. ಕಟಾನ್ ಆಟದಲ್ಲಿ ಇಂಥ ಲೆಕ್ಕವನ್ನು ಬಿಲ್ಲೆಗಳ ಮೇಲೆಯೇ ಅಚ್ಚು ಹಾಕಿರುತ್ತಾರೆ. 6 ಮತ್ತು 8ರ ಕೆಳಗೆ ಐದೈದು ಚುಕ್ಕೆ, ಏಕೆಂದರೆ ಎರಡು ದಾಳ ಎಸೆದಾಗ ಬರಬಹುದಾದ 36 ರೀತಿಗಳಲ್ಲಿ ಆ ಮೊತ್ತಗಳು ಐದೈದು ರೀತಿಯಲ್ಲಿ ಬರುತ್ತವೆ.

ಸಂಗ್ರಹ ಮಾಡುವವರಿಗೆ ಒಂದೆರಡು ವಿಷಯ. ಮಳೆಗಾಲದಲ್ಲಿ ರಟ್ಟಿನ ಮಣೆ ಬಾಗುವುದಕ್ಕೆ ಕಾರಣ, ಕಾಗದದ ನಾರು ತೇವ ಹೀರಿ ಹಿಗ್ಗುವುದು. ಒಂದೇ ಮೈಗೆ ಹೊಳಪಿನ ಲೇಪವಿದ್ದರೆ ಎರಡು ಮೈ ಒಂದೇ ಸಮ ಹಿಗ್ಗುವುದಿಲ್ಲ. ಪೆಟ್ಟಿಗೆಯನ್ನು ಹೊರಗೋಡೆಗೆ ತಾಗಿಸಿಡಬೇಡಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಹಳೆಯ ಸಾಮಾನಿನ ಅಂಗಡಿಯಲ್ಲಿ ದಂತದ ದಾಳ ಕಂಡರೆ ಎಷ್ಟೇ ಸುಂದರವಾಗಿದ್ದರೂ ಕೊಳ್ಳಬೇಡಿ. ದಂತದ ವ್ಯಾಪಾರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅಪರಾಧ. ಪೆಟ್ಟಿಗೆಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನೂ ಹರಿಯದೆ, ಬೆಲೆ ಏರಲೆಂದು ಕಾಯುವವರೂ ಇದ್ದಾರೆ. ಅದು ತಪ್ಪೆನ್ನಲಾರೆ, ಆದರೆ ಅದಕ್ಕೆ ಹವ್ಯಾಸ ಎನ್ನುವುದಕ್ಕಿಂತ ಠೇವಣಿ ಎನ್ನುವುದು ಸರಿ.

ದುಡ್ಡಿಲ್ಲದ ಸಂಗ್ರಹವನ್ನು ನೀವು ಇಂದೇ ಆರಂಭಿಸಬಹುದು. ಒಂದು ನೋಟ್‌ಬುಕ್ ಸಾಕು. ಮನೆಯ ಹಿರಿಯರನ್ನು, ಬೀದಿಯ ಮೂಲೆಯ ಹೂವಿನವರನ್ನು, ಹಾಸ್ಟೆಲಿನ ಅಡಿಗೆಯವರನ್ನು ಕೇಳಿ. ಮಣೆಯ ಚಿತ್ರ, ಕಾಯಿ ಎಷ್ಟು, ಯಾರು ಮೊದಲು, ಯಾವ ದಿಕ್ಕಿಗೆ ನಡೆ, ಗೆಲುವು ಯಾವುದು, ಎಂಥ ಸಂದರ್ಭದಲ್ಲಿ ಜಗಳ ಬರುತ್ತದೆ, ಆಗ ಏನು ತೀರ್ಮಾನ. ಈ ಕೊನೆಯದನ್ನು ಮರೆಯದೆ ಕೇಳಿ; ನಿಯಮದ ಸೂಕ್ಷ್ಮಗಳು ಅಲ್ಲಿಯೇ ಇರುತ್ತವೆ. ಹೇಳಿದವರ ಊರು ಮತ್ತು ತಾರೀಖು ಬರೆಯಿರಿ. ಹಳ್ಳಿಯಿಂದ ಹಳ್ಳಿಗೆ ನಿಯಮ ಬೇರೆಯಾದರೆ ತಿದ್ದಲು ಹೋಗಬೇಡಿ, ಎರಡನ್ನೂ ಬರೆದುಕೊಳ್ಳಿ.

ಮೊನ್ನೆ ರಾತ್ರಿ ಅತ್ತೆಯ ಫೋನು ಬಂತು. "ಅಮ್ಮನ ಇನ್ನೊಂದು ಆಟ ನೆನಪಾಗ್ತಿದೆ ಕಣೋ. ಅರ್ಧ ಬರುತ್ತೆ, ಆಮೇಲೆ ಕೈ ನಿಂತುಬಿಡುತ್ತೆ. ಮಣೆ ತಗೊಂಡು ಬಾ." ಭಾನುವಾರ ಬೆಳಗಿನ ರೈಲಿಗೆ ಹೊರಡುತ್ತಿದ್ದೇನೆ. ಜಯನಗರದ ಆ ಹವ್ಯಾಸಿಯೂ ತಮ್ಮ ನೋಟ್‌ಬುಕ್ ಹಿಡಿದು ಬರುತ್ತೇನೆಂದಿದ್ದಾರೆ.