ಬಿಳಿಯಿಂದ ಹಳದಿಗೆ

ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಬಿಳಿಯ ಉಡುಪು ತೊಟ್ಟು, ಸೊಂಟಕ್ಕೆ ಬಿಳಿಯ ಬೆಲ್ಟು ಬಿಗಿದು, ಸಂಜೆಯ ಹೊತ್ತು ಜಾಲಹಳ್ಳಿಯ ಯಾವುದಾದರೊಂದು ಟೇಕ್ವಾಂಡೋ ತರಗತಿಗೆ ಹೋಗುತ್ತಿರಬಹುದು. ಕೆಲವು ತಿಂಗಳಾದ ಮೇಲೆ ಗುರುಗಳು ಹಳದಿ ಬೆಲ್ಟಿನ ಪರೀಕ್ಷೆಯ ದಿನವನ್ನು ತಿಳಿಸುತ್ತಾರೆ. ಅಂದಿನಿಂದ ಮನೆಯ ಗೋಡೆಗೂ ಕುರ್ಚಿಗೂ ಒದೆತ ತಪ್ಪಿದ್ದಲ್ಲ! ಕಾಲು ಎಷ್ಟು ಎತ್ತರಕ್ಕೆ ಏರಿತೆಂದು ನೀವೂ ನೋಡುತ್ತೀರಿ. ಆದರೆ ಈ ಮೊದಲ ಪರೀಕ್ಷೆಯಲ್ಲಿ ಮುಖ್ಯವಾದುದು ಎತ್ತರವಲ್ಲ, ಸ್ಥಿರತೆ.

ಟೇಕ್ವಾಂಡೋ ಕೊರಿಯಾ ದೇಶದ ವಿದ್ಯೆ. ‘ಟೇ’ ಎಂದರೆ ಕಾಲು, ‘ಕ್ವಾನ್’ ಎಂದರೆ ಮುಷ್ಟಿ, ‘ದೋ’ ಎಂದರೆ ದಾರಿ. 2000ದ ಸಿಡ್ನಿ ಒಲಿಂಪಿಕ್ಸಿನಿಂದ ಇದಕ್ಕೆ ಪದಕದ ಮನ್ನಣೆಯುಂಟು. ಅನೇಕ ತರಗತಿಗಳಲ್ಲಿ ಮಕ್ಕಳು ಮೊದಲು ಕಲಿಯುವ ಸರಣಿಗೆ ‘ತೇಗುಕ್ ಇಲ್ ಜಾಂಗ್’ ಎಂದು ಹೆಸರು. ಅದರಲ್ಲಿ ಚಲನೆಗಳು 18. ಕೆಳಗಿನ, ನಡುವಿನ, ಮೇಲಿನ ತಡೆಗಳು ಮತ್ತು ಗುದ್ದು. ಒದೆತ ಬರುವುದು ಎರಡೇ ಬಾರಿ.

ಹಾಗಾದರೆ ಕಷ್ಟವೆಲ್ಲಿ? ತಿರುಗುವುದರಲ್ಲಿ. ತರಗತಿಯಲ್ಲಿ ಮುಂದಿನವನನ್ನು ನೋಡಿ ತಿರುಗಿದ ಮಗು ಪರೀಕ್ಷೆಯ ದಿನ ಒಂಟಿಯಾಗಿ ನಿಂತಾಗ ಎಡಬಲ ಮರೆಯುತ್ತದೆ. ಇದಕ್ಕೆ ಮನೆಯಲ್ಲೇ ಉಪಾಯವುಂಟು. ಅಂಗಳದಲ್ಲಿ ರಂಗೋಲಿ ಪುಡಿಯಿಂದ ಮೂರು ಅಡ್ಡಗೆರೆ ಎಳೆದು, ನಡುವೆ ಅವನ್ನು ಕೂಡಿಸುವ ಒಂದು ಉದ್ದಗೆರೆ ಹಾಕಿರಿ. ಸರಣಿ ನಡೆಯುವುದು ಈ ಗೆರೆಗಳ ಮೇಲೆಯೇ. ಅಡ್ಡಗೆರೆಯಲ್ಲಿ ಸಾಮಾನ್ಯ ನಡಿಗೆಯ ಹೆಜ್ಜೆ. ಉದ್ದಗೆರೆಯಲ್ಲಿ ಮುಂದಿನ ಮಂಡಿ ಬಾಗಿದ ನೀಳ ಹೆಜ್ಜೆ. ಇಂದು ಬಾಗಿಲ ಕಡೆಗೆ ಮುಖಮಾಡಿ ಆರಂಭಿಸಿದರೆ, ನಾಳೆ ಬೀದಿಯ ಕಡೆಗೆ ಮುಖಮಾಡಲಿ. ದಿಕ್ಕು ಬದಲಾದರೂ ಪಾಠ ತಪ್ಪದಿದ್ದರೆ ಅದು ಮೈಗೂಡಿತೆಂದು ತಿಳಿಯಿರಿ.

ಒಂದು ಕೈ ಗುದ್ದುವಾಗ ಇನ್ನೊಂದು ಸೊಂಟಕ್ಕೆ ಮರಳಬೇಕು. ಕೊನೆಯ ಗುದ್ದಿಗೆ ಹೊಟ್ಟೆಯಿಂದ ಗಟ್ಟಿಯಾದ ಕೂಗು ಬರಬೇಕು. ‘ಜುನ್ಬಿ’ ಎಂದರೆ ಸಿದ್ಧನಾಗು, ‘ಸಿಜಾಕ್’ ಎಂದರೆ ಆರಂಭಿಸು. ಈ ಕೊರಿಯನ್ ಆಜ್ಞೆಗಳನ್ನು ನೀವೇ ಹೇಳಿ ಅಭ್ಯಾಸ ಮಾಡಿಸಬಹುದು. ತರಗತಿಯಿಂದ ತರಗತಿಗೆ ಪಾಠ ಕೊಂಚ ಬೇರೆಯಾಗುವುದುಂಟು; ಗುರುಗಳ ಮಾತೇ ಪ್ರಮಾಣ.

ಪರೀಕ್ಷೆಯ ದಿನ ಮಗು ಒಂದು ಹೆಜ್ಜೆ ತಪ್ಪಬಹುದು. ಆಗ ನಿಮ್ಮ ಮುಖ ನೋಡದೆ ಮುಂದುವರಿಯುವುದನ್ನು ಮೊದಲೇ ಕಲಿಸಿರಿ. ನೀವೂ ಕುಳಿತಲ್ಲಿಂದ ಕೈಸನ್ನೆ ಮಾಡಬೇಡಿ.

ತೇರ್ಗಡೆಯಾಗದಿದ್ದರೆ? 1953ರಲ್ಲಿ ಸ್ಥಾಪಿತವಾದ ಎಚ್.ಎಂ.ಟಿ., 1954ರ ಬಿ.ಇ.ಎಲ್. ಎರಡಕ್ಕೂ ನೆಲೆಯಾದ ಊರು ಜಾಲಹಳ್ಳಿ. ಗೇಜಿಗೆ ಕೂಡದ ಭಾಗವನ್ನು ಕಣ್ಣುಮುಚ್ಚಿ ಯಂತ್ರಕ್ಕೆ ಜೋಡಿಸಿದರೆ ಏನಾಗುವುದೆಂದು ಇಲ್ಲಿನ ಹಿರಿಯ ಕಾರ್ಮಿಕರನ್ನು ಕೇಳಿರಿ. ಬಲಿಯದ ಪಾಠದ ಮೇಲೆ ಕಟ್ಟಿದ ಬೆಲ್ಟೂ ಹಾಗೆಯೇ. ಮುಂದಿನ ಮೆಟ್ಟಿಲಲ್ಲಿ ಮಗುವೇ ಎಡವುತ್ತದೆ. ಬಿಳಿಯ ಬೆಲ್ಟು ಇನ್ನಷ್ಟು ತಿಂಗಳು ಉಳಿದರೆ ನಷ್ಟವೇನೂ ಇಲ್ಲ. ಮರುದಿನ ಸಂಜೆ ಮತ್ತೆ ಅಂಗಳದಲ್ಲಿ ರಂಗೋಲಿ ಗೆರೆ ಎಳೆದುಕೊಡಿ.