ಒಂದು ಪೀಠಕ್ಕೆ ಇಬ್ಬರು ಅಧಿಕಾರಿಗಳು

ಗಣಕಯಂತ್ರಕ್ಕೆ ಮೌಸನ್ನೋ ಮುದ್ರಣಯಂತ್ರವನ್ನೋ ತಗುಲಿಸಿದೊಡನೆ ಅದು ತಾನಾಗಿಯೇ ಕೆಲಸಕ್ಕೆ ತೊಡಗುವುದು ಈಗ ನಮಗೆ ಸಾಮಾನ್ಯ ಸಂಗತಿ. ಲಿನಕ್ಸ್ ವ್ಯವಸ್ಥೆಯಲ್ಲಿ ಈ ಸ್ವಾಗತದ ಹೊಣೆ ಹೊತ್ತಿರುವುದು ಸಾಧನ ನಿರ್ವಾಹಕವೆಂಬ ಒಂದು ತಂತ್ರಾಂಶ. ಹೊಸ ಉಪಕರಣ ಬಂದಿತೆಂದು ಕರ್ನಲ್ ಸುದ್ದಿ ಕೊಟ್ಟರೆ, ಇದು ಅದಕ್ಕೆ ತಕ್ಕ ಹೆಸರು ಕೊಟ್ಟು, ಬೇಕಾದ ಚಾಲಕವನ್ನು ಕರೆಸಿ, ಯಾರು ಯಾರು ಅದನ್ನು ಬಳಸಬಹುದೆಂಬ ಅಪ್ಪಣೆಯನ್ನೂ ಬರೆದಿಡುತ್ತದೆ.

ಗ್ರೆಗ್ ಕ್ರೋ-ಹಾರ್ಟ್‌ಮನ್ ಮೊದಲಾದವರು 2003ರಲ್ಲಿ ರಚಿಸಿದ ಯುಡೆವ್ ಈ ಕೆಲಸಕ್ಕೆ ಹೆಸರಾದುದು. 2012ರಲ್ಲಿ ಅದು ಸಿಸ್ಟಂಡಿ ಎಂಬ ದೊಡ್ಡ ಯೋಜನೆಯೊಳಗೆ ಸೇರಿಹೋಯಿತು. ಇದು ಹಿಡಿಸದ ಜೆಂಟೂ ಬಳಗದ ಕೆಲವರು ಅದೇ ವರ್ಷದ ಕೊನೆಗೆ ಇಯುಡೆವ್ ಎಂಬ ಕವಲನ್ನು ತೆಗೆದರು. ಆದರೆ 2021ರಲ್ಲಿ ಜೆಂಟೂ ತಾನೇ ಹಡೆದ ಈ ಕೂಸನ್ನು ಕೈಬಿಡುವುದಾಗಿ ಸಾರಿತು. ಸಾಕಲು ಬೇರೆಯವರು ಮುಂದೆ ಬಂದರು. ಬಳಕೆದಾರನು ಮಾತ್ರ ಒಮ್ಮೆ ಅತ್ತ, ಒಮ್ಮೆ ಇತ್ತ ಹೊರಳಬೇಕಾಯಿತು.

ಹೊರಳುವಾಗ ಎದುರಾಗುವುದೇ ಪ್ಯಾಕೇಜುಗಳ ಘರ್ಷಣೆ. ಇದನ್ನು ಯಂತ್ರದ ಮೊಂಡುತನವೆಂದು ಬಗೆಯಬಾರದು. ಎರಡು ತಂತ್ರಾಂಶಗಳೂ ಒಂದೇ ಹೆಸರಿನ ಕಡತಗಳನ್ನು ಒಂದೇ ಜಾಗದಲ್ಲಿ ಇಡುತ್ತವೆ. ನಮ್ಮ ವ್ಯಾಕರಣದ ಸಂಧಿಗಳನ್ನು ನೆನೆಯಿರಿ. 'ಮನೆ' ಎಂಬುದಕ್ಕೆ 'ಅನ್ನು' ಸೇರಿದಾಗ ನಡುವೆ ಯಕಾರ ಬಂದು ನಿಂತರೂ ಯಾರೂ ಜಾಗ ಬಿಡಬೇಕಿಲ್ಲ, ಅದು ಆಗಮ. 'ಮಳೆ'ಗೆ 'ಕಾಲ' ಸೇರಿ 'ಮಳೆಗಾಲ'ವಾಗುವಲ್ಲಿ ಗಕಾರ ಬರಬೇಕಾದರೆ ಕಕಾರ ಹೊರಡಲೇಬೇಕು, ಅದು ಆದೇಶ. ಆಗಮ ಮಿತ್ರನಂತೆ, ಆದೇಶ ಶತ್ರುವಿನಂತೆ ಎಂದು ಪಾಠ ಹೇಳುವುದುಂಟು. ಸಾಧನ ನಿರ್ವಾಹಕದ ಬದಲಾವಣೆ ಆದೇಶವೇ ಹೊರತು ಆಗಮವಲ್ಲ.

ಜೆಂಟೂವಿನಲ್ಲಿ ಪ್ಯಾಕೇಜುಗಳ ಲೆಕ್ಕ ನೋಡುವ ಪೋರ್ಟೇಜ್ ಎರಡು ಬಗೆಯ ತಡೆಗಳನ್ನು ತೋರಿಸುತ್ತದೆ. ಮೃದು ತಡೆಯಾದರೆ ಹಳೆಯದನ್ನು ತಾನೇ ತೆಗೆದು ಹೊಸದನ್ನು ಕೂಡಿಸುತ್ತದೆ. ಗಡುಸು ತಡೆಯಾದರೆ ಯಜಮಾನನ ತೀರ್ಮಾನಕ್ಕಾಗಿ ನಿಂತುಬಿಡುತ್ತದೆ. ಬಹುಮಟ್ಟಿಗೆ ಇದರ ಮೂಲ 'ವರ್ಲ್ಡ್' ಎಂಬ ಪಟ್ಟಿಯಲ್ಲಿರುತ್ತದೆ. ಎಂದೋ ಒಮ್ಮೆ ಹಳೆಯ ನಿರ್ವಾಹಕದ ಹೆಸರನ್ನು ನಾವೇ ಅಲ್ಲಿ ಬರೆಸಿದ್ದರೆ, ಅದನ್ನು ಉಳಿಸಬೇಕೆಂಬುದೂ ಹೊಸದು ಬೇಕೆಂಬುದೂ ಎರಡೂ ನಮ್ಮ ಆಜ್ಞೆಗಳೇ ಆಗುತ್ತವೆ. ಪಾಪ, ಯಂತ್ರ ಯಾವುದನ್ನು ನಡೆಸೀತು? ಆದುದರಿಂದ ಹಳೆಯ ಹೆಸರನ್ನು ಮೊದಲು ಆ ಪಟ್ಟಿಯಿಂದ ಕಳೆಯಬೇಕು. ಇದರಿಂದ ತಂತ್ರಾಂಶವೇನೂ ಅಳಿಯುವುದಿಲ್ಲ. ಅದರ ಮೇಲಿನ ನಮ್ಮ ಹಟ ಮಾತ್ರ ಅಳಿಯುತ್ತದೆ. ಬಳಿಕ ಹೊಸದನ್ನು ಪಟ್ಟಿಗೆ ಸೇರಿಸದೆಯೇ ಸ್ಥಾಪಿಸಿದರೆ ಮುಂದೆ ಇದೇ ತೊಡಕು ಮರುಕಳಿಸದು. ವ್ಯವಸ್ಥೆ ಸಿಸ್ಟಂಡಿಯದಾಗಿದ್ದರೆ ಈ ಯತ್ನವೇ ಬೇಡ. ಅದರ ಹೊಟ್ಟೆಯಲ್ಲೇ ಯುಡೆವ್ ಇದೆ.

ಕೈಯಾರೆ ತೆಗೆಯಲೇಬೇಕಾಗಿ ಬಂದರೆ, ಹೊಸದರ ಆಕರವನ್ನು ಮೊದಲೇ ಇಳಿಸಿಟ್ಟುಕೊಳ್ಳಿರಿ. ಹಳೆಯದು ಹೋಗಿ ಹೊಸದು ಬರುವ ನಡುವೆ ಯಂತ್ರವನ್ನು ಆರಿಸಲೇಬಾರದು. ಆ ಸಂಧಿಕಾಲದಲ್ಲಿ ಆರಿಸಿ ಹೊತ್ತಿಸಿದರೆ ಚಿತ್ರಪರದೆ ಮೂಡಿದರೂ ಕೀಲಿಮಣೆ, ಮೌಸುಗಳು ಮಿಸುಕದಿರಬಹುದು. ಜಾಲದ ಸಂಪರ್ಕವೂ ಇಲ್ಲವಾಗಬಹುದು. ಮನೆಯ ಲೆಕ್ಕಪತ್ರ, ಮಕ್ಕಳ ಪಾಠ ಎಲ್ಲವೂ ಎದುರಿಗಿದ್ದೂ ಕೈಗೆಟುಕದ ಸ್ಥಿತಿ ಅದು. ಅಂಥ ವೇಳೆಗೆಂದು, ನೇರವಾಗಿ ಹೊತ್ತಿಸಬಲ್ಲ ಲಿನಕ್ಸ್ ಇರುವ ಒಂದು ಪೆನ್‌ಡ್ರೈವ್ ಹತ್ತಿರವಿರಲಿ.

ಹೊಸದು ನೆಲೆಗೊಂಡ ಮೇಲೆ, ಆರಂಭದ ಸೇವೆಗಳ ಪಟ್ಟಿಯಲ್ಲಿ ಯುಡೆವ್ ಇದೆಯೇ ಎಂದು ನೋಡಿರಿ. ಆರಂಭಕಾಲದ ಕಿರು ಕಡತವ್ಯವಸ್ಥೆಯನ್ನು ಬಳಸುತ್ತಿದ್ದರೆ ಅದನ್ನು ಮತ್ತೆ ಕಟ್ಟಿಸಿರಿ. ಜಾಲದ ಕೊಂಡಿಯ ಹೆಸರು ಬದಲಾಗುವ ಸಂಭವವೂ ಉಂಟು. ನೆನ್ನೆ ಈಥ್-ಸೊನ್ನೆ ಎಂದಿದ್ದುದು ಇಂದು ಉದ್ದನೆಯ ಬೇರೊಂದು ಹೆಸರು ಹೊತ್ತಿದ್ದರೆ, ಜಾಲದ ಏರ್ಪಾಡಿನ ಕಡತದಲ್ಲಿ ಆ ಹೆಸರನ್ನೇ ತಿದ್ದಿ ಬರೆಯತಕ್ಕದ್ದು.